ಯಾವ ಲ್ಯಾಬ್ ಅಂತ ಕೇಳ್ತೀರಿ, ಯಾವ ಕಾಂಟ್ರಾಕ್ಟ್ ಅಂತ ಯಾಕೆ ಕೇಳಲ್ಲ?

ಥೀಸಿಸ್ ಸಬ್ಮಿಟ್ ಮಾಡಿ ವೈವಾಗೆ ಕಾಯುತ್ತಾ ಕೂತಿರುವ ಜೂನಿಯರ್‌ಗಳಿಂದ ನನಗೆ ಆಗಾಗ ಮೆಸೇಜ್ ಬರುತ್ತದೆ. "ಅಕ್ಕ, ಪೋಸ್ಟ್‌ಡಾಕ್‌ಗೆ ಜರ್ಮನಿಗೆ ಬರಬೇಕು ಅಂತಿದೀನಿ, ಯಾವ ಲ್ಯಾಬ್ ಚೆನ್ನಾಗಿದೆ?" ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದಮೇಲೆ ಮಾಡುವ ತಾತ್ಕಾಲಿಕ ಸಂಶೋಧನೆಯ ಕೆಲಸ. ಆಮೇಲೆ ಪ್ರೊಫೆಸರ್ ಹೇಗೆ, ಯಾವ ಜರ್ನಲ್‌ನಲ್ಲಿ ಪೇಪರ್ ಹಾಕುತ್ತಾರೆ, ಚಳಿ ತಡೆಯೋಕಾಗುತ್ತಾ, ಸೋನಾ ಮಸೂರಿ ಸಿಗುತ್ತಾ. ಎಲ್ಲ ಸರಿ. ಆದರೆ "ಸಂಬಳ ಯಾರು ಕೊಡ್ತಾರೆ, ಯಾವ ಹೆಸರಲ್ಲಿ ಕೊಡ್ತಾರೆ" ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಮೊದಲು ಕೇಳಬೇಕಾದ್ದು ಅದೇ ಅಂತ ನನ್ನ ಅಭಿಪ್ರಾಯ. ಲ್ಯಾಬ್ ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಕಾಯಿಲೆ ಬಿದ್ದಾಗ, ಮಗು ಆದಾಗ, ಪ್ರಾಜೆಕ್ಟ್ ಮುಗಿದು ಮುಂದಿನದು ಸಿಗದೆ ಇದ್ದಾಗ, ನಿಮ್ಮನ್ನು ಕಾಯುವುದು ನೀವು ಸಹಿ ಹಾಕಿದ ಆ ಕಾಗದ.

ನಾನಿರುವುದು ಗೊಟ್ಟಿಂಗೆನ್‌ನಲ್ಲಿ. ಜರ್ಮನಿಯ ನಟ್ಟನಡುವಿನ ಸಣ್ಣ ಊರು, ವಿಶ್ವವಿದ್ಯಾಲಯ ತೆಗೆದರೆ ಊರೇ ಇಲ್ಲ ಅನ್ನಬಹುದು. ಗೌಸ್, ಹಿಲ್ಬರ್ಟ್‌ರಂಥ ಗಣಿತಜ್ಞರು ಓಡಾಡಿದ ಬೀದಿಗಳು. ಇಲ್ಲಿ ಪಿಎಚ್‌ಡಿ ಮುಗಿಸಿದವರನ್ನು ಸ್ನೇಹಿತರೆಲ್ಲ ಸೇರಿ ಒಂದು ಅಲಂಕಾರದ ಗಾಡಿಯಲ್ಲಿ ಕೂರಿಸಿ ಹಳೇ ಟೌನ್‌ಹಾಲ್ ಮುಂದಿನ ಕಾರಂಜಿಗೆ ಎಳೆದುಕೊಂಡು ಹೋಗುತ್ತಾರೆ. ಕಾರಂಜಿ ಮಧ್ಯೆ ಹೆಬ್ಬಾತು ಹಿಡಿದ ಹುಡುಗಿಯ ವಿಗ್ರಹ ಇದೆ, ಗೆನ್ಸೆಲೀಸೆಲ್ ಅಂತ. ಹೊಸ ಡಾಕ್ಟರ್ ಮೇಲೆ ಹತ್ತಿ ಅವಳಿಗೆ ಹೂವು ಕೊಟ್ಟು ಮುತ್ತು ಕೊಡಬೇಕು. ಕೆಳಗೆ ಚಪ್ಪಾಳೆ, ಬಿಯರ್, ಫೋಟೋ. ಪಿಎಚ್‌ಡಿಗೆ ಇಷ್ಟೆಲ್ಲ ಸಡಗರ. ಪೋಸ್ಟ್‌ಡಾಕ್‌ಗೆ ಬಂದವರಿಗೆ ಒಂದು ಕೀ, ಒಂದು ಇಮೇಲ್ ಐಡಿ, ಭರ್ತಿ ಮಾಡಲು ಒಂದು ಕಟ್ಟು ಫಾರಂ.

ಮನೆಯವರಿಗೆ ಇದನ್ನು ಹೇಳಿ ಒಪ್ಪಿಸುವುದು ಬೇರೆಯೇ ಪಾಡು. ತಿಪಟೂರಿನಲ್ಲಿ ಯಾರಾದರೂ ವಿಚಾರಿಸಿದರೆ ಅಮ್ಮ "ಇನ್ನೂ ಓದ್ತಾ ಇದಾಳೆ" ಅಂತಲೇ ಹೇಳುವುದು. "ಅಮ್ಮಾ, ಓದು ಮುಗೀತು, ಇದು ಕೆಲಸ, ತಿಂಗಳಾ ತಿಂಗಳಾ ಸಂಬಳ ಬರುತ್ತೆ" ಅಂದೆ. "ಪರ್ಮನೆಂಟಾ?" ಅಂದರು. ಇಲ್ಲ ಅಂದೆ. "ಹಂಗಾದ್ರೆ ಓದೇ ಬಿಡು" ಅಂದರು. ಸೋದರಮಾವ ಇನ್ನೂ ನೇರ. ನಾನು ಕೆಲಸ ಮಾಡುವುದು ಹಣ್ಣಿನ ನೊಣಗಳ ಮೇಲೆ ಅಂತ ಗೊತ್ತಾದ ದಿನ, "ನೊಣ ಹೊಡ್ಯೋಕೆ ಜರ್ಮನಿವರೆಗೂ ಹೋಗ್ಬೇಕಿತ್ತೇನವ್ವಾ, ನಮ್ಮ ಬೆಲ್ಲದ ಮಂಡೀಲೇ ಬೇಕಾದಷ್ಟಿದ್ವಲ್ಲ" ಅಂದು ನಕ್ಕಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ಬೆಲ್ಲ ಇದ್ದ ಕಡೆ ಡ್ರೊಸೊಫಿಲಾ, ಅಂದರೆ ಈ ಹಣ್ಣಿನ ನೊಣ, ಇದ್ದೇ ಇರುತ್ತದೆ.

ಬೆಲ್ಲ ಅಂದಾಗ ನೆನಪಾಯಿತು. ನಾನು ನೊಣ ಸಾಕುವುದು ಕಲಿತದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಎಂಎಸ್‌ಸಿ ಮಾಡುವಾಗ. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ದೇಶದ ಎಷ್ಟೋ ಕಾಲೇಜುಗಳಿಗೆ ನೊಣ ಹೋಗುವುದು ಅಲ್ಲಿಂದ. ಅಲ್ಲಿ ನೊಣಕ್ಕೆ ಮಾಡುತ್ತಿದ್ದ ಊಟ ಅಂದರೆ ರವೆ, ಬೆಲ್ಲ, ಅಗರ್. ಒಂದು ಲೀಟರ್ ನೀರಿಗೆ ನೂರು ಗ್ರಾಂ ರವೆ, ನೂರು ಗ್ರಾಂ ಬೆಲ್ಲ, ಗಂಟಾಗದ ಹಾಗೆ ಕೈಬಿಡದೆ ತಿರುಗಿಸುತ್ತಾ ಕುದಿಸಿ, ಬೂಸ್ಟು ಹಿಡಿಯದಿರಲಿ ಅಂತ ಕೊನೆಗೆ ಪ್ರೊಪಿಯೋನಿಕ್ ಆಸಿಡ್ ಹಾಕುವುದು. ಆಸಿಡ್ ಹಾಕುವವರೆಗೂ ಇಡೀ ಕಾರಿಡಾರ್ ಹಬ್ಬದ ಮನೆ ಹಾಗೆ ಘಮಘಮ. ಹಾಕಿದ ಮೇಲೆ ಮೂಗು ಮುಚ್ಚಿಕೊಳ್ಳಬೇಕು. ಇಲ್ಲಿ ಜೋಳದ ಹಿಟ್ಟು, ಕಾಕಂಬಿ, ಯೀಸ್ಟ್. ದೊಡ್ಡ ಕಡಾಯಿ, ಅದಕ್ಕೊಂದು ಮೋಟರು, ಮಾಡುವುದಕ್ಕೆ ಬೇರೆಯೇ ಸಿಬ್ಬಂದಿ. ನಾವು ಟ್ರೇ ತೆಗೆದುಕೊಂಡು ಹೋದರೆ ಆಯಿತು. ಮೊದಲ ವಾರ ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಕೋಟಿ ಬೆಲೆಯ ಮೈಕ್ರೋಸ್ಕೋಪ್ ನೋಡಿ ಅಲ್ಲ, ಈ ಅಡುಗೆಮನೆ ನೋಡಿ.

ನನ್ನ ಪ್ರಾಜೆಕ್ಟ್ ನೊಣದ ನಿದ್ದೆ ಮೇಲೆ. ನೊಣ ಮಲಗುತ್ತಾ ಅಂತ ಕೇಳಬೇಡಿ, ಮಲಗುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಎರಡು ತಂಡಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಅದನ್ನು ತೋರಿಸಿದವು. ಒಂದೊಂದು ನೊಣವನ್ನು ಒಂದೊಂದು ಸಣ್ಣ ಗಾಜಿನ ಕೊಳವೆಯೊಳಗೆ ಬಿಡುತ್ತೇವೆ, ಒಂದು ತುದಿಗೆ ಊಟ, ಇನ್ನೊಂದು ತುದಿಗೆ ಹತ್ತಿ. ಕೊಳವೆ ಮಧ್ಯೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯುತ್ತಿರುತ್ತದೆ. ನೊಣ ಅಡ್ಡ ಬಂದಾಗೆಲ್ಲ ಯಂತ್ರ ಎಣಿಸುತ್ತದೆ. ಐದು ನಿಮಿಷ ಅಲುಗಾಡದೆ ಇದ್ದರೆ ಅದನ್ನು ನಿದ್ದೆ ಅಂತ ಲೆಕ್ಕ. ಒಂದು ಮಾನಿಟರ್‌ಗೆ 32 ಕೊಳವೆ. ಇದಿಷ್ಟು ಸುಲಭದ ಭಾಗ, ಯಂತ್ರ ನೋಡಿಕೊಳ್ಳುತ್ತದೆ.

ಕಷ್ಟದ್ದು ಬೇಕಾದ ನೊಣ ಹುಟ್ಟಿಸುವುದು. ಎರಡು ತಳಿಯ ನೊಣ ಕೂಡಿಸಬೇಕಾದರೆ ಹೆಣ್ಣುನೊಣ ಇನ್ನೂ ಗಂಡಿನ ಜೊತೆ ಸೇರಿರಬಾರದು. 25 ಡಿಗ್ರಿಯಲ್ಲಿ ಗೂಡಿನಿಂದ ಹೊರಬಂದ ಹೆಣ್ಣು ಸುಮಾರು ಎಂಟು ಗಂಟೆ ಹೊತ್ತು ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಅಷ್ಟರೊಳಗೆ ಬಂದು ಆರಿಸಿಕೊಳ್ಳಬೇಕು. ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮೂರ್ಛೆ ತಪ್ಪಿಸಿ, ಬಿಳಿ ಪ್ಯಾಡ್ ಮೇಲೆ ಸುರಿದು, ನೀರುಬಣ್ಣದ ಕುಂಚದಂಥದ್ದರಲ್ಲಿ ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಾ ಕೂರಬೇಕು. ಈಗಷ್ಟೇ ಹುಟ್ಟಿದ್ದರ ಮೈ ಬಿಳಚಿಕೊಂಡಿರುತ್ತದೆ, ಹೊಟ್ಟೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದಕ್ಕೇ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಲ್ಯಾಬ್‌ಗೆ ಹೋಗಲೇಬೇಕು. ನೊಣಕ್ಕೆ ಭಾನುವಾರ ಗೊತ್ತಿಲ್ಲ. ಊರೆಲ್ಲ ಬಾಗಿಲು ಹಾಕಿ ಮಲಗಿರುವಾಗ ಸೈಕಲ್ ತುಳಿದುಕೊಂಡು ಗುಡ್ಡ ಹತ್ತುವ ಜನ ಅಂದರೆ ನಾವು ನೊಣದವರು, ಮತ್ತೆ ಸೆಲ್ ಕಲ್ಚರ್‌ನವರು.

ಇಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ಕಾಂಟ್ರಾಕ್ಟ್‌ನ ಲೆಕ್ಕ ಇದರಿಂದಲೇ ಶುರುವಾಗುವುದು. ನೊಣದ ಒಂದು ತಲೆಮಾರು ಸುಮಾರು ಹತ್ತು ದಿನ. ಪ್ರಯೋಗಕ್ಕೆ ಬೇಕಾದ ಒಂದು ಸ್ಟಾಕ್, ಅಂದರೆ ತಳಿ, ಕಟ್ಟಲು ಮೂರು ನಾಲ್ಕು ತಲೆಮಾರು, ಮಧ್ಯೆ ಎಡವಟ್ಟಾದರೆ ಇನ್ನೂ ಜಾಸ್ತಿ. ಬಂದ ಹೊಸದರಲ್ಲಿ ಮನೆ, ಬ್ಯಾಂಕ್, ರಿಜಿಸ್ಟ್ರೇಶನ್ ಅಂತ ಒಂದೆರಡು ತಿಂಗಳು ಹೋಗುತ್ತದೆ. ಇನ್ನೊಬ್ಬರ ಪ್ರಾಜೆಕ್ಟ್ ಅರ್ಥ ಮಾಡಿಕೊಳ್ಳಲು ಇನ್ನೊಂದಿಷ್ಟು. ಪೇಪರ್ ಬರೆದು ಕಳಿಸಿದರೆ ರಿವ್ಯೂ, ರಿವಿಷನ್ ಅಂತ ಒಂದು ವರ್ಷ ಹಿಡಿಯುವುದು ಮಾಮೂಲು. ಇದನ್ನೆಲ್ಲ ಕೂಡಿಸಿ. ಕೈಯಲ್ಲಿ ಇರುವುದು ಎರಡು ವರ್ಷದ ಕಾಂಟ್ರಾಕ್ಟ್. ಪೇಪರ್ ಬರುವ ಹೊತ್ತಿಗೆ ನಾವು ಇಲ್ಲಿರುವುದಿಲ್ಲ, ಪೇಪರ್ ಇಲ್ಲದೆ ಮುಂದಿನ ಕೆಲಸಕ್ಕೆ ಅರ್ಜಿ ಹಾಕುವ ಹಾಗಿಲ್ಲ. ಬಯೋಆರ್ಕೈವ್‌ನಲ್ಲಿ ಪ್ರಿಪ್ರಿಂಟ್, ಅಂದರೆ ರಿವ್ಯೂಗೆ ಮೊದಲೇ ಪೇಪರನ್ನು ಆನ್‌ಲೈನ್‌ನಲ್ಲಿ, ಹಾಕುವ ಪದ್ಧತಿ ಬಂದಿದ್ದರಿಂದ ಸ್ವಲ್ಪ ಉಸಿರಾಡುವ ಹಾಗಾಗಿದೆ, ಇಲ್ಲದಿದ್ದರೆ ಕಥೆ ಮುಗಿದಂತೆಯೇ. ಆದ್ದರಿಂದ ಆಫರ್ ಬಂದಾಗ ಎರಡು ವರ್ಷಕ್ಕೆ ಖುಷಿಪಡುವ ಮೊದಲು "ಮೂರು ವರ್ಷ ಕೊಡೋಕಾಗುತ್ತಾ, ಎರಡಾದ ಮೇಲೆ ಮುಂದುವರಿಸಲು ಹಣ ಇದೆಯಾ, ಇದ್ದರೆ ಯಾವ ಗ್ರಾಂಟಿನಿಂದ" ಅಂತ ನೇರವಾಗಿ ಕೇಳಿ. ನಮ್ಮಲ್ಲಿ ಗೈಡ್ ಹತ್ತಿರ ದುಡ್ಡಿನ ಮಾತು ಎತ್ತುವುದಕ್ಕೆ ನಾಲಿಗೆ ಏಳುವುದಿಲ್ಲ. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಕೇಳದೆ ಇದ್ದರೇ ವಿಚಿತ್ರ ಅಂದುಕೊಳ್ಳುತ್ತಾರೆ.

ಇನ್ನು ಮುಖ್ಯ ವಿಷಯ. ಜರ್ಮನಿಯಲ್ಲಿ ಪೋಸ್ಟ್‌ಡಾಕ್‌ಗೆ ದುಡ್ಡು ಬರುವ ದಾರಿ ಎರಡು. ಒಂದು ಕೆಲಸದ ಕಾಂಟ್ರಾಕ್ಟ್, ಇನ್ನೊಂದು ಸ್ಟಿಪೆಂಡಿಯುಮ್, ಅಂದರೆ ಫೆಲೋಶಿಪ್. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಂದೇ ಬೆಂಚು, ಒಂದೇ ಕಾಫಿ ಮೆಷಿನ್. ತಿಂಗಳ ಕೊನೆಗೆ ಕೈಗೆ ಸಿಗುವ ಹಣದಲ್ಲೂ ಅಂಥಾ ವ್ಯತ್ಯಾಸ ಇರುವುದಿಲ್ಲ, ಯಾಕೆಂದರೆ ಫೆಲೋಶಿಪ್ ಮೇಲೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಹಾಗಾಗಿ ಊರಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಫೆಲೋಶಿಪ್ಪೇ ವಾಸಿ ಅನ್ನಿಸುತ್ತದೆ. ಅದರ ಜೊತೆ ಗೌರವ ಬೇರೆ.

ಧಾರವಾಡದ ಕಡೆಯ ನನ್ನ ಸ್ನೇಹಿತರೊಬ್ಬರು ಇಲ್ಲೇ ಇನ್ನೊಂದು ಊರಿಗೆ ಫೆಲೋಶಿಪ್ ಮೇಲೆ ಬಂದರು, ಹೆಂಡತಿ ಸಮೇತ. ಫೆಲೋಶಿಪ್‌ನಲ್ಲಿ ಆರೋಗ್ಯ ವಿಮೆ ನಿಮ್ಮ ತಲೆನೋವು. ಯುರೋಪಿನ ಹೊರಗಿನಿಂದ ನೇರವಾಗಿ ಫೆಲೋಶಿಪ್ ಮೇಲೆ ಬಂದವರನ್ನು ಇಲ್ಲಿನ ಸರ್ಕಾರಿ ವ್ಯವಸ್ಥೆಯ ವಿಮೆಗೆ ಬಹಳ ಸಲ ಸೇರಿಸಿಕೊಳ್ಳುವುದಿಲ್ಲ, ಖಾಸಗಿ ವಿಮೆ ಹುಡುಕಬೇಕು. ಇವರೂ ಅಗ್ಗದ್ದೊಂದು ತೆಗೆದುಕೊಂಡರು, ಎಲ್ಲರೂ ತೆಗೆದುಕೊಳ್ಳುವಂಥದ್ದೇ. ಹೆಂಡತಿಗೆ ದಿನ ನಿಂತ ಮೇಲೆ ಪಾಲಿಸಿಯ ಸಣ್ಣ ಅಕ್ಷರ ಓದಿ ನೋಡಿದರೆ, ಇಷ್ಟು ತಿಂಗಳು ಕಳೆಯುವವರೆಗೆ ಹೆರಿಗೆ ಖರ್ಚು ಕೊಡುವುದಿಲ್ಲ ಅಂತ ಇತ್ತು. ಆಕೆ ಬಾಣಂತನಕ್ಕೆ ಧಾರವಾಡಕ್ಕೇ ಹೋದರು, ಅದೇನೋ ಒಳ್ಳೆಯದೇ ಆಯಿತು ಅನ್ನಿ, ಅಮ್ಮನ ಮನೆ, ಎಣ್ಣೆನೀರು, ಅಂಟಿನುಂಡೆ. ಆದರೆ ಮಗು ಹುಟ್ಟಿದಾಗ ಇವರು ಇಲ್ಲಿ ಒಬ್ಬರೇ ಇನ್‌ಕ್ಯುಬೇಟರ್ ಮುಂದೆ ಬ್ಯಾಕ್ಟೀರಿಯಾ ಕಾಯುತ್ತಾ ಕೂತಿದ್ದರು. ಫೆಲೋಶಿಪ್ ಮುಗಿದ ಮೇಲೆ ಮುಂದಿನ ಕಾಂಟ್ರಾಕ್ಟ್ ಶುರುವಾಗುವವರೆಗೆ ನಡುವಿನ ತಿಂಗಳುಗಳಿಗೆ ನಿರುದ್ಯೋಗ ಭತ್ಯೆಯೂ ಇಲ್ಲ, ಯಾಕೆಂದರೆ ಕಾನೂನಿನ ಕಣ್ಣಿಗೆ ಅವರು ಕೆಲಸವನ್ನೇ ಮಾಡಿರಲಿಲ್ಲ.

ಎಲ್ಲ ಫೆಲೋಶಿಪ್ ಹಾಗೆ ಅಂತಲ್ಲ. ಹಂಬೋಲ್ಟ್ ಫೆಲೋಶಿಪ್ ಈ ಸ್ಟಿಪೆಂಡಿಯುಮ್ ಗುಂಪಿನದೇ, ಆದರೆ ಅದರ ಜೊತೆ ಕುಟುಂಬದ ಭತ್ಯೆ, ಜರ್ಮನ್ ಕಲಿಯುವ ಕೋರ್ಸ್, ಜೀವನಪೂರ್ತಿ ಉಳಿಯುವ ಒಂದು ಬಳಗ ಎಲ್ಲ ಬರುತ್ತದೆ. ಸಿಕ್ಕರೆ ಬಿಡಬೇಡಿ. ಯುರೋಪಿಯನ್ ಯೂನಿಯನ್ನಿನ ಮೇರಿ ಕ್ಯೂರಿ ಫೆಲೋಶಿಪ್ ಹೆಸರಿಗೆ ಫೆಲೋಶಿಪ್ಪಾದರೂ ನಿಮ್ಮನ್ನು ಕೆಲಸಕ್ಕೆ ಸೇರಿಸಿಕೊಂಡೇ ಸಂಬಳ ಕೊಡಬೇಕು. ಆದರೆ ಅವರು ಜಾಹೀರಾತಿನಲ್ಲಿ ಹಾಕುವ ಮೊತ್ತ ನೋಡಿ ಬೀಗಬೇಡಿ, ಸಂಸ್ಥೆ ನಿಮ್ಮ ಪರವಾಗಿ ಕಟ್ಟಬೇಕಾದ ವಿಮೆ ಪಾಲೂ ಅದರೊಳಗಿನಿಂದಲೇ ಹೋಗುತ್ತದೆ. ಇನ್ನೊಂದು ಮಾತು: ಅದಕ್ಕೆ ಅರ್ಜಿ ಹಾಕಬೇಕಾದರೆ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. "ಮೊದಲು ಹೋಗಿ ಸೆಟ್ಲ್ ಆಗಿ, ನಿಧಾನಕ್ಕೆ ಹಾಕ್ತೀನಿ" ಅಂದುಕೊಂಡವರಿಗೆ ಅಷ್ಟೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಕೊನೆ ದಿನಾಂಕ ಸಾಮಾನ್ಯವಾಗಿ ಸೆಪ್ಟೆಂಬರ್.

ಕಾಂಟ್ರಾಕ್ಟ್ ಮೇಲೆ ಬಂದರೆ ನೀವು ರಾಜ್ಯ ಸರ್ಕಾರದ ವೇತನ ಶ್ರೇಣಿಗೆ ಸೇರುತ್ತೀರಿ, ಟಿವಿ-ಎಲ್ ಇ13 ಅಂತ. ಸಂಬಳ ಚೌಕಾಸಿ ಮಾಡುವ ಹಾಗಿಲ್ಲ, ಪಟ್ಟಿಯಲ್ಲಿ ಬರೆದಿದ್ದೇ ಕೊನೆ. 2025ರ ಪಟ್ಟಿ ಪ್ರಕಾರ ಪೂರ್ಣಾವಧಿಗೆ ತಿಂಗಳಿಗೆ 4,600 ಯೂರೋ ಚಿಲ್ಲರೆಯಿಂದ ಶುರು. ಆದರೆ ಯಾವ ಮೆಟ್ಟಿಲಲ್ಲಿ ಕೂರಿಸುತ್ತಾರೆ ಅನ್ನುವುದರಲ್ಲಿ ಮಾತಿಗೆ ಜಾಗ ಇದೆ. ಹಿಂದಿನ ಸಂಶೋಧನಾ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡನೇ ಮೆಟ್ಟಿಲು, ಮೂರನೇ ಮೆಟ್ಟಿಲು ಸಿಗಬಹುದು, ತಿಂಗಳಿಗೆ ನೂರಾರು ಯೂರೋ ವ್ಯತ್ಯಾಸ. ಅದಕ್ಕೆ ಊರು ಬಿಡುವ ಮೊದಲೇ ಹಳೇ ಸಂಸ್ಥೆಗಳಿಂದ ಅನುಭವ ಪತ್ರ ಮಾಡಿಸಿಕೊಳ್ಳಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಏನು ಕೆಲಸ, ಸೀಲು, ಸಹಿ. ಇಲ್ಲಿಗೆ ಬಂದಮೇಲೆ ಆಫೀಸಿನ ಹೆಡ್‌ಕ್ಲರ್ಕ್‌ಗೆ ಫೋನ್ ಮಾಡಿ "ಸಾರ್, ಒಂದು ಲೆಟರ್" ಅಂತ ತಿಂಗಳುಗಟ್ಟಲೆ ಗೋಗರೆಯುವುದು ಯಾರಿಗೆ ಬೇಕು.

ಮೊದಲ ಸಂಬಳದ ಚೀಟಿ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಆದಾಯ ತೆರಿಗೆ, ಆರೋಗ್ಯ ವಿಮೆ, ಮುಪ್ಪಿನ ಆರೈಕೆಯ ವಿಮೆ, ನಿರುದ್ಯೋಗ ವಿಮೆ, ಪಿಂಚಣಿಗೆ 9.3 ಪರ್ಸೆಂಟ್. ಒಂಟಿ ಆಗಿದ್ದರೆ ಕೈಗೆ ಬರುವುದು ಮೂರು ಸಾವಿರದ ಆಸುಪಾಸು. ಮದುವೆಯಾಗಿ ಒಬ್ಬರೇ ದುಡಿಯುತ್ತಿದ್ದರೆ ತೆರಿಗೆ ವರ್ಗ ಬದಲಾಯಿಸಿಕೊಳ್ಳಬಹುದು, ಆಗ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಈ ಕಡಿತಗಳೆಲ್ಲ ಸುಮ್ನೆ ಹೋಗುವುದಿಲ್ಲ. ಜ್ವರ ಬಂದರೆ ಆರು ವಾರದವರೆಗೆ ಪೂರ್ತಿ ಸಂಬಳ. ವರ್ಷಕ್ಕೆ 30 ದಿನ ರಜೆ, ಅದನ್ನು ತೆಗೆದುಕೊಳ್ಳದೆ ಇದ್ದರೆ ಬಾಸೇ ಬಂದು ಕೇಳುತ್ತಾರೆ. ಪಿಂಚಣಿಗೆ ಐದು ವರ್ಷಕ್ಕಿಂತ ಕಡಿಮೆ ಕಟ್ಟಿ ಭಾರತಕ್ಕೆ ವಾಪಸಾದರೆ, ಎರಡು ವರ್ಷ ಕಳೆದ ಮೇಲೆ ನಿಮ್ಮ ಪಾಲಿನ ಹಣವನ್ನು ವಾಪಸ್ ಕೇಳಬಹುದು. ಎಷ್ಟೋ ಜನ ಇದನ್ನು ಮರೆತೇ ಬಿಡುತ್ತಾರೆ.

ಎರಡು ಸಣ್ಣ ವಿಷಯ, ಇಲ್ಲಿ ಇದ್ದವರೇ ಹೇಳಬೇಕಾದ್ದು. ಒಂದು, ಸರ್ಕಾರಿ ನೌಕರರಿಗೆ ವಿಬಿಎಲ್ ಅಂತ ಹೆಚ್ಚುವರಿ ಪಿಂಚಣಿ ಇದೆ. ಅದರಲ್ಲಿ 60 ತಿಂಗಳು ತುಂಬದಿದ್ದರೆ ಸಾಮಾನ್ಯವಾಗಿ ಪಿಂಚಣಿ ಸಿಗುವುದಿಲ್ಲ. ತಾತ್ಕಾಲಿಕ ಕಾಂಟ್ರಾಕ್ಟಿನ ಸಂಶೋಧಕರು ಸೇರಿದ ಎರಡು ತಿಂಗಳ ಒಳಗೆ ಅರ್ಜಿ ಕೊಟ್ಟರೆ ಅದರ ಬದಲು ಇನ್ನೊಂದು ಬಗೆಯದಕ್ಕೆ ಹೋಗಬಹುದು, ಅದರಲ್ಲಿ ಕಟ್ಟಿದ್ದು ಉಳಿಯುತ್ತದೆ. ಆ ಎರಡು ತಿಂಗಳು ನೀವು ಮನೆ ಹುಡುಕುತ್ತಾ, ಅಡುಗೆಮನೆಯಲ್ಲಿ ಸಿಂಕ್ ಕೂಡ ಇಲ್ಲದ ಮನೆಗಳನ್ನು ನೋಡಿ ಬೆರಗಾಗುತ್ತಾ ಇರುತ್ತೀರಿ, ಫಾರಂ ಡ್ರಾಯರ್‌ನಲ್ಲಿ ಕೂತಿರುತ್ತದೆ. ಎರಡು, ನವೆಂಬರ್ ಸಂಬಳದ ಜೊತೆ ವರ್ಷದ ಬೋನಸ್ ಬರುತ್ತದೆ. ಆದರೆ ಡಿಸೆಂಬರ್ 1ಕ್ಕೆ ನೀವು ಕೆಲಸದಲ್ಲಿ ಇರಬೇಕು. ಕಾಂಟ್ರಾಕ್ಟ್ ನವೆಂಬರ್ 30ಕ್ಕೆ ಮುಗಿದರೆ ಹನ್ನೊಂದು ತಿಂಗಳು ದುಡಿದರೂ ಬೋನಸ್ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಅಲ್ವಾ. ಆರಂಭದ ತಾರೀಕು ಬರೆಯುವಾಗಲೇ ಇದನ್ನು ನೋಡಿಕೊಳ್ಳಿ.

ವೀಸಾ ಕೂಡ ಇದೇ ಕಾಗದಕ್ಕೆ ಅಂಟಿಕೊಂಡಿದೆ. ಪೂರ್ಣಾವಧಿ ಇ13 ಕಾಂಟ್ರಾಕ್ಟ್ ಇದ್ದರೆ ಬ್ಲೂ ಕಾರ್ಡ್ ಸಿಗುತ್ತದೆ, ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ. ಅದರಲ್ಲಿ 27 ತಿಂಗಳು, ಜರ್ಮನ್ ಬಿ1 ಮಟ್ಟ ಮುಗಿಸಿದ್ದರೆ 21 ತಿಂಗಳು ಕೆಲಸ ಮಾಡಿದರೆ ಪರ್ಮನೆಂಟ್ ರೆಸಿಡೆನ್ಸ್‌ಗೆ ಅರ್ಜಿ ಹಾಕಬಹುದು. ಫೆಲೋಶಿಪ್‌ನವರಿಗೆ ಬ್ಲೂ ಕಾರ್ಡ್ ಇಲ್ಲ, ಸಂಶೋಧಕರ ಬೇರೆ ವೀಸಾ. ವ್ಯತ್ಯಾಸ ಗೊತ್ತಾಗುವುದು ಪ್ರಾಜೆಕ್ಟ್ ಮುಗಿದಾಗ. ಪರ್ಮನೆಂಟ್ ರೆಸಿಡೆನ್ಸ್ ಕೈಯಲ್ಲಿ ಇದ್ದವರು ನಿಧಾನಕ್ಕೆ ಮುಂದಿನದು ಹುಡುಕುತ್ತಾರೆ, ಇಲ್ಲದವರು ಸಿಕ್ಕಿದ್ದನ್ನು ಹಿಡಿಯುತ್ತಾರೆ. ಗಂಡನಿಗೋ ಹೆಂಡತಿಗೋ ಇಲ್ಲಿ ಕೆಲಸ ಮಾಡುವ ಅನುಮತಿ ಸಿಗುತ್ತದೆ, ಬರುವ ಮೊದಲು ಅವರಿಗೆ ಜರ್ಮನ್ ಪರೀಕ್ಷೆಯೂ ಬೇಕಿಲ್ಲ. ಕಾಗದದಲ್ಲಿ ಎಲ್ಲ ಚೆಂದ. ನನ್ನ ಗಂಡ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಬಿಟ್ಟು ಬಂದವರು, ಇಲ್ಲಿ ಸಂಜೆ ಜರ್ಮನ್ ಕ್ಲಾಸಿಗೆ ಹೋಗಿ ಡೇರ್, ಡೀ, ದಾಸ್ ಬಾಯಿಪಾಠ ಮಾಡುತ್ತಿದ್ದ ಕಾಲ ಒಂದಿತ್ತು. ಬರ್ಲಿನ್, ಮ್ಯೂನಿಕ್ ಆಗಿದ್ದರೆ ಇಂಗ್ಲಿಷಿನಲ್ಲೇ ಕೆಲಸ ಸಿಗುತ್ತಿತ್ತೇನೋ, ಸಣ್ಣ ಊರಿನಲ್ಲಿ ಆಗುವುದಿಲ್ಲ. ಲ್ಯಾಬ್ ಆರಿಸುವಾಗ ಊರನ್ನೂ ನೋಡಿ ಅನ್ನುವುದು ಇದಕ್ಕೆ.

ಅಮೆರಿಕ, ಇಂಗ್ಲೆಂಡ್ ಬಗ್ಗೆ ನನಗೆ ಗೊತ್ತಿರುವುದು ಸ್ನೇಹಿತರ ಬಾಯಿಂದ. ಇಂಗ್ಲೆಂಡಿನಲ್ಲಿ ವೀಸಾ ಜೊತೆಗೆ ಆರೋಗ್ಯ ಸರ್‌ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್, ಅದೂ ಎಷ್ಟು ವರ್ಷದ ವೀಸಾನೋ ಅಷ್ಟೂ ವರ್ಷದ್ದು ಮೊದಲೇ ಕಟ್ಟಬೇಕು. ಕೆಲವು ವಿಶ್ವವಿದ್ಯಾಲಯಗಳು ವಾಪಸ್ ಕೊಡುತ್ತವೆ, ಕೆಲವು ಕೊಡುವುದಿಲ್ಲ, ಕೇಳಿಯೇ ತಿಳಿಯಬೇಕು. ಅಮೆರಿಕಕ್ಕೆ ಬಹಳ ಜನ ಹೋಗುವುದು ಜೆ-1 ಅನ್ನುವ ವಿನಿಮಯ ವೀಸಾ ಮೇಲೆ. ಅದು ಮುಗಿದ ಮೇಲೆ ಎರಡು ವರ್ಷ ಊರಿನಲ್ಲಿ ಇದ್ದು ಬರಬೇಕು ಅನ್ನುವ ನಿಯಮ ಎಷ್ಟೋ ಜನರನ್ನು ಕಾಡಿದೆ. 2024ರ ಡಿಸೆಂಬರ್‌ನಲ್ಲಿ ಆ ನಿಯಮ ಅನ್ವಯಿಸುವ ದೇಶಗಳ ಒಂದು ಪಟ್ಟಿಯಿಂದ ಭಾರತದ ಹೆಸರು ತೆಗೆದರು, ಹಾಗಾಗಿ ಈಗ ಬಹುತೇಕರಿಗೆ ಆ ತೊಂದರೆ ಇಲ್ಲ. ಫುಲ್‌ಬ್ರೈಟ್ ಥರ ಸರ್ಕಾರದ ಹಣದಲ್ಲಿ ಹೋದವರಿಗೆ ಇನ್ನೂ ಇದೆ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಘೋಷಣೆ ಬಂತಲ್ಲ, ಆಗಿನಿಂದ ನನಗೆ ಬರುವ ಮೆಸೇಜುಗಳಲ್ಲಿ ಜರ್ಮನಿ ಹೆಸರು ಜಾಸ್ತಿಯಾಗಿದೆ.

ಜರ್ಮನಿ ಸ್ವರ್ಗ ಅಂತ ಯಾರೂ ಅಂದುಕೊಳ್ಳಬಾರದು. ಇಲ್ಲೊಂದು ಕಾನೂನಿದೆ, ಹೆಸರು ವಿಸೆನ್‌ಶಾಫ್ಟ್ಸ್‌ಜೈಟ್‌ಫೆರ್ಟ್ರಾಗ್ಸ್‌ಗೆಜೆಟ್ಸ್. ಉಸಿರು ಹಿಡಿದು ಓದಿ. ಸಂಶೋಧಕರ ತಾತ್ಕಾಲಿಕ ಕಾಂಟ್ರಾಕ್ಟುಗಳ ಕಾನೂನು ಅಂತ ಅರ್ಥ. 2007ರದ್ದು. ಅದರ ಪ್ರಕಾರ ವಿಶ್ವವಿದ್ಯಾಲಯಗಳು ಪಿಎಚ್‌ಡಿ ಆದವರನ್ನು ಸಾಮಾನ್ಯವಾಗಿ ಆರು ವರ್ಷದವರೆಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು. ಮಗುವಿದ್ದರೆ ಒಂದೊಂದು ಮಗುವಿಗೆ ಎರಡು ವರ್ಷ ಸೇರುತ್ತದೆ. ಆಮೇಲೆ ಕಾಯಂ ಮಾಡಬೇಕು, ಇಲ್ಲ ಕಳಿಸಬೇಕು. ಕೇಳಲು ನೌಕರರ ಪರ ಇದೆ. ನಡೆಯುವುದು ಎರಡನೆಯದೇ, ಕಾಯಂ ಹುದ್ದೆ ಇದ್ದರೆ ತಾನೆ. ಹೊರಗಿನ ಗ್ರಾಂಟಿನ ಹಣ ಇದ್ದರೆ ಆರು ವರ್ಷ ದಾಟಿಯೂ ಇನ್ನೊಂದಿಷ್ಟು ದಿನ ತಳ್ಳಬಹುದು. ಈ ಕಾನೂನನ್ನು ಸಮರ್ಥಿಸಲು ಇಲ್ಲಿನ ಶಿಕ್ಷಣ, ಸಂಶೋಧನೆ ಸಚಿವಾಲಯ 2018ರಲ್ಲಿ ಒಂದು ಕಾರ್ಟೂನ್ ವಿಡಿಯೋ ಮಾಡಿತ್ತು. ಹಾನಾ ಅನ್ನುವ ಜೀವವಿಜ್ಞಾನಿಯ ಕಥೆ. ಹಳಬರು ಕಾಯಂ ಆಗಿ ಕೂತರೆ ವ್ಯವಸ್ಥೆ ಕಟ್ಟಿಕೊಳ್ಳುತ್ತದೆ, ಹೊಸಬರಿಗೆ ಜಾಗ ಸಿಗುವುದಿಲ್ಲ ಅಂತ ಅದರ ಸಾರ. 2021ರ ಜೂನ್‌ನಲ್ಲಿ ಅದು ಟ್ವಿಟರ್‌ನಲ್ಲಿ ಸಿಕ್ಕಿಬಿದ್ದು, ಸಾವಿರಾರು ಜನ "ನಾನೇ ಹಾನಾ" ಅಂತ ತಮ್ಮ ಕಾಂಟ್ರಾಕ್ಟುಗಳ ಪಟ್ಟಿ ಹಾಕಿದರು. ವಿಡಿಯೋ ತೆಗೆದುಹಾಕಿದರು. 2023ರಲ್ಲಿ ಸುಧಾರಣೆ ಅಂತ ಹೊರಟು ಆರು ವರ್ಷವನ್ನು ಮೂರಕ್ಕೆ ಇಳಿಸುವ ಪ್ರಸ್ತಾಪ ತಂದರು, ಗಲಾಟೆಯಾಗಿ ಒಂದೆರಡು ದಿನದಲ್ಲೇ ಹಿಂದೆ ತೆಗೆದುಕೊಂಡರು. ನಮ್ಮ ಕಾಫಿ ರೂಮಿನಲ್ಲಿ ಇವತ್ತಿಗೂ ಇದೇ ಮಾತು. ಜರ್ಮನ್ನರು ಇದನ್ನು ಅನ್ಯಾಯ ಅಂತ ಬೈಯುತ್ತಾರೆ, ನಾವು ಭಾರತದವರು ಸುಮ್ಮನೆ ಕೇಳಿಸಿಕೊಳ್ಳುತ್ತೇವೆ. ಊರಿನಲ್ಲಿ ಗೆಸ್ಟ್ ಲೆಕ್ಚರರ್‌ಗಳು ಹದಿನೈದು ವರ್ಷ ಹಾಗೇ ಇರುವುದನ್ನು ನೋಡಿ ಬಂದವರಿಗೆ ಆಶ್ಚರ್ಯಪಡಲು ಏನಿದೆ.

ಕೆಲಸ ಹುಡುಕಿಕೊಂಡು ದೇಶ ದಾಟುವುದು ಈ ಊರಿಗೆ ಹೊಸದೂ ಅಲ್ಲ. ಇಲ್ಲಿ ಪ್ರೊಫೆಸರ್ ಆಗಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಯಹೂದಿ ಅನ್ನುವ ಕಾರಣಕ್ಕೆ 1933ರಲ್ಲಿ ಕೆಲಸದಿಂದ ತೆಗೆದರು. ಸಿ.ವಿ. ರಾಮನ್ ಅವರು ಬಾರ್ನ್ ಅವರನ್ನು ಬೆಂಗಳೂರಿನ ಐಐಎಸ್‌ಸಿಗೆ ಕರೆಸಿದರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ಬೆಂಗಳೂರಿನಲ್ಲಿದ್ದರು. ಕಾಯಂ ಮಾಡಿಸಬೇಕು ಅಂತ ರಾಮನ್ ಪ್ರಯತ್ನ ಮಾಡಿದರು, ಒಳಗಿನ ವಿರೋಧದಿಂದ ಆಗಲಿಲ್ಲ, ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಅವರ ಸಮಾಧಿ ಇಲ್ಲೇ ಊರಿನ ಸ್ಮಶಾನದಲ್ಲಿದೆ, ಕಲ್ಲಿನ ಮೇಲೆ ಅವರ ಸಮೀಕರಣ ಕೆತ್ತಿದ್ದಾರೆ. ನನ್ನ ವಿಷಯದಲ್ಲಂತೂ ದಾರಿ ಇನ್ನೂ ನೇರ. ದೇಹದ ಗಡಿಯಾರದ ಅಧ್ಯಯನವನ್ನು ನಮ್ಮಲ್ಲಿ ಬೆಳೆಸಿದ ಎಂ.ಕೆ. ಚಂದ್ರಶೇಖರನ್ ಇಲ್ಲೇ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎರ್ವಿನ್ ಬ್ಯುನಿಂಗ್ ಹತ್ತಿರ ಡ್ರೊಸೊಫಿಲಾ ಮೇಲೆ ಕೆಲಸ ಮಾಡಿದವರು. ವಾಪಸ್ ಬಂದು ಮದುರೆಯಲ್ಲಿ ಬಾವಲಿಗಳ ಹಿಂದೆ ಬಿದ್ದರು, ಕೊನೆಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದರು. ಇವತ್ತು ಬೆಂಗಳೂರಿನಲ್ಲಿ ನೊಣದ ನಿದ್ದೆ, ಗಡಿಯಾರ ಅಂತ ಕೆಲಸ ಮಾಡುವವರಿಗೆಲ್ಲ ಆ ಎಳೆ ಎಲ್ಲೋ ಒಂದು ಕಡೆ ಸಿಗುತ್ತದೆ.

ವಾಪಸ್ ಬರುವ ದಾರಿಗೂ ಈಗ ಹೆಸರುಗಳಿವೆ: ರಾಮಲಿಂಗಸ್ವಾಮಿ ಫೆಲೋಶಿಪ್, ರಾಮಾನುಜನ್ ಫೆಲೋಶಿಪ್, ಇನ್‌ಸ್ಪೈರ್ ಫ್ಯಾಕಲ್ಟಿ, ಇಂಡಿಯಾ ಅಲಯನ್ಸ್. ಒಂದೊಂದಕ್ಕೂ ಒಂದೊಂದು ವಯಸ್ಸಿನ ಮಿತಿ, ಒಂದೊಂದು ವೇಳೆ. ಐಐಟಿಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೊದಲ ದರ್ಜೆಗೆ ಪಿಎಚ್‌ಡಿ ನಂತರ ಮೂರು ವರ್ಷದ ಅನುಭವ ಕೇಳುತ್ತಾರೆ, ಅಂದರೆ ಎರಡು ವರ್ಷದ ಕಾಂಟ್ರಾಕ್ಟ್ ಅಲ್ಲೂ ಸಾಲದು. ಅರ್ಜಿ ಹಾಕಿ ಒಂದು ವರ್ಷ ಏನೂ ಉತ್ತರ ಬರದೆ ಇರುವುದು, ಆಮೇಲೆ ಇದ್ದಕ್ಕಿದ್ದಂತೆ "ಮುಂದಿನ ವಾರ ಸೆಮಿನಾರ್ ಕೊಡಿ" ಅಂತ ಬರುವುದು, ಎರಡೂ ಸಾಮಾನ್ಯ. ಹಾಗಾಗಿ ವಾಪಸ್ ಬರುವ ಆಸೆ ಇದ್ದವರು ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ ಅರ್ಜಿ ಹಾಕಲು ಶುರು ಮಾಡಬಾರದು. ಕನಿಷ್ಠ ಒಂದೂವರೆ ವರ್ಷ ಮೊದಲು. ಸಂಸ್ಥೆಗಳಿಗೆ ಸುಮ್ನೆ ಮೇಲ್ ಮಾಡಿ, ರಜೆಗೆ ಊರಿಗೆ ಬಂದಾಗ ಒಂದು ಟಾಕ್ ಕೊಡ್ತೀನಿ ಅನ್ನಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಊಟವನ್ನೂ ಹಾಕುತ್ತಾರೆ.

ನನ್ನ ಈಗಿನ ಕಾಂಟ್ರಾಕ್ಟ್ ಮಾರ್ಚ್‌ವರೆಗಿದೆ. ಮುಗಿಯುವ ಮೂರು ತಿಂಗಳ ಮೊದಲು ಉದ್ಯೋಗ ಕಚೇರಿಗೆ "ನನಗೆ ಕೆಲಸ ಹೋಗಲಿದೆ" ಅಂತ ತಿಳಿಸಲೇಬೇಕು, ಇಲ್ಲದಿದ್ದರೆ ಭತ್ಯೆಯಲ್ಲಿ ಒಂದು ವಾರದ್ದು ಕತ್ತರಿ. ಮುಂದುವರಿಯುವುದು ತೊಂಬತ್ತು ಪಾಲು ಖಚಿತ ಇದ್ದರೂ ತಿಳಿಸಿಬಿಡಿ, ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಹಿಂದಿನ ಮೂವತ್ತು ತಿಂಗಳಲ್ಲಿ ಒಂದು ವರ್ಷ ವಿಮೆ ಕಟ್ಟಿದ್ದರೆ ಆರು ತಿಂಗಳು, ಎರಡು ವರ್ಷ ಕಟ್ಟಿದ್ದರೆ ಒಂದು ವರ್ಷ ಭತ್ಯೆ ಸಿಗುತ್ತದೆ, ಕೈಗೆ ಬರುತ್ತಿದ್ದ ಸಂಬಳದ ಸುಮಾರು 60 ಪರ್ಸೆಂಟ್, ಮಗುವಿದ್ದರೆ 67. ಇದನ್ನು ಹೇಳಿದರೆ ನಮ್ಮವರು ಮುಜುಗರಪಡುತ್ತಾರೆ, ದಾನ ತೆಗೆದುಕೊಂಡಂತೆ. ದಾನ ಏನಲ್ಲ, ತಿಂಗಳಾ ತಿಂಗಳಾ ನಮ್ಮ ಸಂಬಳದಲ್ಲೇ ಹಿಡಿದದ್ದು.

ಮುಂದಿನ ಸಲ ಮೆಸೇಜ್ ಮಾಡುವವರು ಆಫರ್ ಲೆಟರ್ ಕೂಡ ಕಳಿಸಿ. ಹೆಸರು, ಮೊತ್ತ ಅಳಿಸಿ ಕಳಿಸಿದರೂ ಪರವಾಗಿಲ್ಲ, ನನಗೆ ನೋಡಬೇಕಾದ್ದು ಮೇಲೆ ಏನಂತ ಬರೆದಿದೆ, ಶುರು ಯಾವತ್ತು, ಕೊನೆ ಯಾವತ್ತು, ಅಷ್ಟೇ. ಭಾನುವಾರ ಬೆಳಿಗ್ಗೆ ಮಾತ್ರ ಫೋನ್ ಮಾಡಬೇಡಿ, ಆಗ ಕೈಯಲ್ಲಿ ಕುಂಚ ಇರುತ್ತದೆ.